ಮೆಲ್ಬರ್ನ್‌ಗೆ ಹೊಸದಾಗಿ ಬಂದವರಿಗೆ: ಫುಟಿ ನೋಡುವ ಬಗೆ, ಶನಿವಾರದ ಕ್ರಿಕೆಟ್ಟಿಗೆ ಸೇರುವ ಬಗೆ

ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆ ಟಾರ್ನೀಟ್‌ಗೆ ಬಂದು ಮೂರು ವಾರ ಆಯಿತು ಅಂತ ಬರೆದಿದ್ದೀರಿ. ಸೋಮವಾರ ಆಫೀಸಿಗೆ ಹೋದರೆ ಎಲ್ಲರ ಬಾಯಲ್ಲೂ ಫುಟಿ (ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್), ನಿಮಗೆ ಒಂದಕ್ಷರ ತಿಳಿಯುವುದಿಲ್ಲ. ಟಿಪ್ಪಿಂಗ್ ಅಂತ ಏನೋ ಒಂದಕ್ಕೆ ನಿಮ್ಮ ಹೆಸರನ್ನೂ ಸೇರಿಸಿದ್ದಾರೆ. ಊರಲ್ಲಿ ಲೀಗ್ ಕ್ರಿಕೆಟ್ ಆಡುತ್ತಿದ್ದಿರಿ, ಇಲ್ಲಿ ಎಲ್ಲಿ ಆಡುವುದು, ಏಳು ವರ್ಷದ ಮಗನನ್ನು ಯಾವ ಆಟಕ್ಕೆ ಹಾಕುವುದು ಅಂತಲೂ ಕೇಳಿದ್ದೀರಿ.

ಎಲ್ಲಕ್ಕೂ ಉತ್ತರ ನಿಮ್ಮ ಮನೆ ಹತ್ತಿರದ ಓವಲ್‌ನಲ್ಲೇ ಇದೆ. ಈಗ ಜುಲೈನಲ್ಲಿ ಹೋಗಿ ನೋಡಿದರೆ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ಕಾಣುತ್ತವೆ. ಅಕ್ಟೋಬರ್ ಬಂತೆಂದರೆ ಅದೇ ಮೈದಾನದ ನಡುವಿನ ಕ್ರಿಕೆಟ್ ಪಿಚ್ಚಿನ ಹೊದಿಕೆ ತೆಗೆಯುತ್ತಾರೆ. ಫುಟಿ ಹುಟ್ಟಿದ್ದೂ ಕ್ರಿಕೆಟಿಗರಿಂದಲೇ. 1858ರ ಜುಲೈನಲ್ಲಿ ಟಾಮ್ ವಿಲ್ಸ್ ಎಂಬ ವಿಕ್ಟೋರಿಯಾದ ಕ್ರಿಕೆಟಿಗ, ಚಳಿಗಾಲದಲ್ಲಿ ಕೈಕಾಲು ಜಡ್ಡುಗಟ್ಟಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಪತ್ರ ಬರೆದ. ಮರುವರ್ಷ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬು ನಿಯಮಗಳನ್ನು ಬರೆದಿಟ್ಟಿತು. ಕ್ರಿಕೆಟ್ ಮೈದಾನದಲ್ಲಿ ಬೆಳೆದ ಆಟವಾದ್ದರಿಂದ ಇಂದಿಗೂ ಅದರ ಮೈದಾನಕ್ಕೆ ಒಂದೇ ಅಳತೆ ಎಂಬುದಿಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್‌ವರೆಗೆ ಎಷ್ಟಾದರೂ ನಡೆಯುತ್ತದೆ.

ಮೊದಲು ಸ್ಕೋರು ಓದುವುದನ್ನು ಕಲಿಯಿರಿ, ಅರ್ಧ ಆಟ ಅಲ್ಲೇ ತಿಳಿಯುತ್ತದೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೆ ಬಿಹೈಂಡ್, 1 ಅಂಕ. ಗೆರೆ ದಾಟುವ ಮೊದಲು ಎದುರಾಳಿಯ ಬೆರಳು ತಾಗಿದರೂ ಒಂದೇ ಅಂಕ. ಪರದೆಯ ಮೇಲೆ 12.10 (82) ಅಂತ ಇದ್ದರೆ ಹನ್ನೆರಡು ಗೋಲು, ಹತ್ತು ಬಿಹೈಂಡ್, ಒಟ್ಟು ಎಂಬತ್ತೆರಡು. ಒಂದು ತಂಡದಿಂದ 18 ಜನ ಕಣದಲ್ಲಿರುತ್ತಾರೆ. ನಾಲ್ಕು ಕ್ವಾರ್ಟರ್, ಒಂದೊಂದೂ 20 ನಿಮಿಷ. ಚೆಂಡು ಆಟದಲ್ಲಿಲ್ಲದ ಹೊತ್ತನ್ನು ಆಮೇಲೆ ಸೇರಿಸುವುದರಿಂದ ಅದು ಸುಮಾರು ಅರ್ಧ ಗಂಟೆಗೆ ಎಳೆಯುತ್ತದೆ. ಆಫ್‌ಸೈಡ್ ಇಲ್ಲ. ಸಾಕರ್ ನೋಡಿ ರೂಢಿಯಾದವರಿಗೆ ಇದೆಲ್ಲ ಗಲಾಟೆಯಂತೆ ಕಾಣುವುದು ಅದಕ್ಕೇ.

ಇನ್ನು ಮಾರ್ಕ್. ಯಾರೋ ಒದ್ದ ಚೆಂಡು 15 ಮೀಟರ್‌ಗಿಂತ ಹೆಚ್ಚು ಹಾರಿ, ಮಧ್ಯೆ ಯಾರ ಕೈಯೂ ತಾಗದೆ ಬಂದಾಗ ಅದನ್ನು ಕ್ಯಾಚ್ ಹಿಡಿದವನಿಗೆ ಯಾರೂ ಅಡ್ಡ ಬರದ ಒಂದು ಕಿಕ್ ಸಿಗುತ್ತದೆ. ಎದುರಾಳಿಯ ಹೆಗಲ ಮೇಲೆ ಮೊಣಕಾಲು ಊರಿ ಹಾರಿ ಹಿಡಿಯುವುದಕ್ಕೂ ಅನುಮತಿ ಇದೆ. ಚೆಂಡನ್ನು ಕೈಯಿಂದ ಎಸೆಯುವಂತಿಲ್ಲ. ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು, ಅದು ಹ್ಯಾಂಡ್‌ಬಾಲ್. ಹಿಡಿದುಕೊಂಡು ಓಡುವವನು 15 ಮೀಟರ್‌ಗೆ ಒಮ್ಮೆ ಚೆಂಡನ್ನು ನೆಲಕ್ಕೆ ತಾಗಿಸಬೇಕು. ಚೆಂಡು ಬಿಟ್ಟುಕೊಡಲು ಅವಕಾಶವಿದ್ದೂ ಬಿಡದೆ ಸಿಕ್ಕಿಬಿದ್ದರೆ ಎದುರಾಳಿಗೆ ಫ್ರೀ ಕಿಕ್. ಆಗಲೇ ಇಡೀ ಸ್ಟ್ಯಾಂಡು ಒಂದೇ ಉಸಿರಿಗೆ "ಬಾ...ಲ್!" ಎಂದು ಕೂಗುವುದು. ಆ ಕೂಗು ಯಾಕೆಂದು ಗೊತ್ತಾದ ದಿನ ನಿಮಗೆ ಆಟ ಹಿಡಿಸುತ್ತದೆ.

ತಂಡ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ತಂಡವೊಂದನ್ನು ಬೆಂಬಲಿಸುವುದಕ್ಕೆ ಇಲ್ಲಿ ಬಳಸುವ ಮಾತು "ಬ್ಯಾರಕ್". ಅಮೆರಿಕದ ಸಿನಿಮಾ ನೋಡಿ ಕಲಿತ "ರೂಟ್" ಪದವನ್ನು ದಯವಿಟ್ಟು ಬಳಸಬೇಡಿ, ಆಸ್ಟ್ರೇಲಿಯಾದಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ, ಕೇಳಿದವರಿಗೆ ಮುಜುಗರವಾಗುತ್ತದೆ. ಫುಟಿಯ ರಾಷ್ಟ್ರೀಯ ಲೀಗ್ ಎಎಫ್‌ಎಲ್‌ನ 18 ತಂಡಗಳಲ್ಲಿ 10 ವಿಕ್ಟೋರಿಯಾದವು. ಗೆಲ್ಲುತ್ತಿರುವ ತಂಡವನ್ನು ನೋಡಿ ಆರಿಸಿಕೊಂಡವರನ್ನು ಇಲ್ಲಿನವರು ಅಷ್ಟಾಗಿ ಮೆಚ್ಚುವುದಿಲ್ಲ. ನೀವಿರುವ ಕಡೆಯ ತಂಡ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ನಿಮ್ಮ ಪಶ್ಚಿಮ ಭಾಗಕ್ಕೆ ಅದು ವೆಸ್ಟರ್ನ್ ಬುಲ್‌ಡಾಗ್ಸ್. ಅವರ ಮನೆ ಫುಟ್ಸ್‌ಕ್ರೇಯ ವಿಟನ್ ಓವಲ್, ಬಣ್ಣ ಕೆಂಪು, ಬಿಳಿ, ನೀಲಿ. ಒಮ್ಮೆ ಹೇಳಿದ ಮೇಲೆ ಬದಲಾಯಿಸಬೇಡಿ. ಸೋತ ಸೋಮವಾರವೂ ಅದೇ ತಂಡದ ಹೆಸರು ಹೇಳುವವರಿಗೇ ಇಲ್ಲಿ ಗೌರವ.

ಮೊದಲ ಪಂದ್ಯಕ್ಕೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, ಅಂದರೆ ಎಂಸಿಜಿಗಿಂತ ಡಾಕ್‌ಲ್ಯಾಂಡ್ಸ್‌ನ ಮಾರ್ವೆಲ್ ಸ್ಟೇಡಿಯಂ ಸುಲಭ. ಬುಲ್‌ಡಾಗ್ಸ್ ತವರಿನ ಪಂದ್ಯಗಳನ್ನು ಹೆಚ್ಚಾಗಿ ಅಲ್ಲೇ ಆಡುತ್ತಾರೆ. ಮೇಲೆ ಮುಚ್ಚುವ ಚಾವಣಿ ಇರುವುದರಿಂದ ಮಳೆಯ ಭಯವಿಲ್ಲ. ಟಾರ್ನೀಟ್‌ನಲ್ಲಿ ವಿ-ಲೈನ್ ರೈಲು ಹತ್ತಿ ಸದರ್ನ್ ಕ್ರಾಸ್‌ನಲ್ಲಿ ಇಳಿದರೆ ಕಾಲ್ಸೇತುವೆ ದಾಟುವಷ್ಟೇ ದೂರ. ಎಂಸಿಜಿಗಾದರೆ ಸದರ್ನ್ ಕ್ರಾಸ್‌ನಲ್ಲಿ ಮೆಟ್ರೋ ರೈಲು ಬದಲಿಸಿ ರಿಚ್ಮಂಡ್ ಅಥವಾ ಜೋಲಿಮಾಂಟ್‌ನಲ್ಲಿ ಇಳಿಯಬೇಕು. ಕಾರು ಬೇಡ. ಊಟ ಮನೆಯಿಂದ ಒಯ್ಯಬಹುದು: ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿತ್ರಾನ್ನವಿದ್ದರೆ ಎಂಸಿಜಿ ಗೇಟಿನಲ್ಲಿ ತಡೆಯುವುದಿಲ್ಲ. ಗಾಜಿನ ಬಾಟಲಿ, ಟಿನ್ ಕ್ಯಾನು, ಮದ್ಯ ಮಾತ್ರ ಬಿಡುವುದಿಲ್ಲ. ಒಳಗೆ ಸಿಗುವ ಪೈಗಳಲ್ಲಿ ಹೆಚ್ಚಿನವು ಮಾಂಸದವು, ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು.

ಸೀಟಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರ್ನಾಟಕದಲ್ಲಿ ವರ್ಷದ ಹೆಚ್ಚಿನ ಕಾಲ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮೆಲ್ಬರ್ನ್‌ನಲ್ಲಿ ಯಾವಾಗಲೂ ಉತ್ತರಕ್ಕೆ. ಎಂಸಿಜಿಯ ದಕ್ಷಿಣದ ಅರ್ಧ ಶೇನ್ ವಾರ್ನ್ ಸ್ಟ್ಯಾಂಡ್, ಅದು ಉತ್ತರಕ್ಕೆ ಮುಖ ಮಾಡಿದೆ. ಡಿಸೆಂಬರ್ 26ರ ಬಾಕ್ಸಿಂಗ್ ಡೇ ಟೆಸ್ಟಿಗೆ ಅದರ ಕೆಳಸಾಲಿನಲ್ಲಿ ಕೂತರೆ ದಿನದ ಹೆಚ್ಚಿನ ಹೊತ್ತು ಬಿಸಿಲು ಎದುರಿಗೇ ಇರುತ್ತದೆ, ಮಕ್ಕಳು ಲಂಚ್ ಹೊತ್ತಿಗೇ ಬಸವಳಿಯುತ್ತಾರೆ. ಟೆಸ್ಟಿಗೆ ಉತ್ತರದ ಬದಿಯನ್ನೋ, ಮೇಲಂತಸ್ತಿನ ಹಿಂದಿನ ಸಾಲುಗಳನ್ನೋ ಹಿಡಿಯಿರಿ. ಜುಲೈನ ಮಧ್ಯಾಹ್ನದ ಫುಟಿಗಾದರೆ ಅದೇ ವಾರ್ನ್ ಸ್ಟ್ಯಾಂಡಿನ ಬಿಸಿಲು ಹಿತವೆನಿಸುತ್ತದೆ. ರಾತ್ರಿ ಪಂದ್ಯಕ್ಕೆ ಎಲ್ಲಿ ಕೂತರೂ ಚಳಿಯೇ, ಟೊಪ್ಪಿಗೆ, ಕೈಗವಸು, ದಪ್ಪ ಕಾಲುಚೀಲ ಬೇಕು. ಸದಸ್ಯರ ಸ್ಟ್ಯಾಂಡಿನ ಆಸೆ ಸದ್ಯಕ್ಕೆ ಬಿಡಿ, ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಸದಸ್ಯತ್ವಕ್ಕೆ ದಶಕಗಟ್ಟಲೆ ಸರದಿ ಇದೆ.

ಟಿಪ್ಪಿಂಗ್ ಎಂದರೆ ಆ ವಾರದ ಪ್ರತಿ ಪಂದ್ಯದಲ್ಲಿ ಗೆಲ್ಲುವ ತಂಡ ಯಾವುದೆಂದು ಮುಂಚೆಯೇ ಹೇಳುವುದು. ಎಲ್ಲ ತಂಡಗಳೂ ಆಡುವ ವಾರದಲ್ಲಿ ಒಂಬತ್ತು ಪಂದ್ಯ, ಒಂದು ಸರಿಯಾದರೆ ಒಂದು ಅಂಕ. ಇಬ್ಬರ ಅಂಕ ಸಮವಾದರೆ ಒಂದು ಪಂದ್ಯದ ಗೆಲುವಿನ ಅಂತರವನ್ನು ಯಾರು ಹತ್ತಿರ ಊಹಿಸಿದ್ದರೋ ಅವರು ಮುಂದೆ. ಗುರುವಾರ ಸಂಜೆಯೇ ತುಂಬಿಬಿಡಿ, ಮರೆತವರಿಗೆ ಹಲವು ಕಡೆ ತಾನಾಗಿ ಅತಿಥಿ ತಂಡಗಳೇ ಬೀಳುತ್ತವೆ. ಆರಿಸುವಾಗ ಪಾಯಿಂಟ್ ಪಟ್ಟಿಯ ಜೊತೆ ಊರನ್ನೂ ನೋಡಿ. ಪರ್ತ್‌ಗೆ ನಾಲ್ಕು ಗಂಟೆ ಹಾರಿಹೋಗಿ ಆಡುವ ತಂಡಕ್ಕೆ ದಣಿವು ಇದ್ದೇ ಇರುತ್ತದೆ. ಜೀಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಉಳಿದವುಗಳಿಗಿಂತ ಇಕ್ಕಟ್ಟು, ಅಂಚಿನಲ್ಲಿ ಓಡಿ ರೂಢಿಯಾದ ತಂಡಗಳು ಅಲ್ಲಿ ತಡವರಿಸುತ್ತವೆ. ಪಾಯಿಂಟ್ ಪಟ್ಟಿಯಲ್ಲಿ ಗೆಲುವಿಗೆ 4, ಡ್ರಾಗೆ 2. ಸಮವಿದ್ದರೆ ಗಳಿಸಿದ ಅಂಕವನ್ನು ಬಿಟ್ಟುಕೊಟ್ಟ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದ ಶೇಕಡಾವಾರು, ನಮ್ಮ ನೆಟ್ ರನ್‌ರೇಟಿನ ಹಾಗೆ. ಆಫೀಸಿನ ಐದು ಹತ್ತು ಡಾಲರ್ ಟಿಪ್ಪಿಂಗ್ ಸ್ನೇಹಕ್ಕೆ. ಟಿವಿಯಲ್ಲಿ ಬರುವ ಬೆಟ್ಟಿಂಗ್ ಆ್ಯಪ್‌ಗಳ ಜಾಹೀರಾತಿಗೆ ಮಾತ್ರ ಕೈ ಹಾಕಬೇಡಿ. ಹೊಸಬರ ಸಂಬಳ ಅಲ್ಲಿ ಕರಗುವುದು ಬಹಳ ಸುಲಭ.

ಸಿಡ್ನಿ, ಬ್ರಿಸ್ಬೇನ್‌ನ ಸಹೋದ್ಯೋಗಿಗಳು "ಫುಟಿ" ಎಂದರೆ ಅದು ಬೇರೆ ಆಟ, ರಗ್ಬಿ ಲೀಗ್. 13 ಜನ, ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 4 ಅಂಕ, ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. ಕಬಡ್ಡಿಯ ಪಟ್ಟು ನೋಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ. ಎರಡೂ ಆಟಗಳ ನಾಡುಗಳನ್ನು ಬೇರೆ ಮಾಡುವ ಕಾಲ್ಪನಿಕ ಗೆರೆಗೆ ಬರಾಸಿ ಗೆರೆ ಎನ್ನುತ್ತಾರೆ, ಫುಟಿಯ ದೊಡ್ಡ ಆಟಗಾರ ರಾನ್ ಬರಾಸಿಯ ಹೆಸರು ಅದು.

ಈಗ ನಿಮ್ಮ ಕ್ರಿಕೆಟ್. ಲೀಗ್ ಋತು ಅಕ್ಟೋಬರ್‌ನಿಂದ ಮಾರ್ಚ್. ನೋಂದಣಿ ಪ್ಲೇಎಚ್‌ಕ್ಯೂ ಎಂಬ ತಾಣದಲ್ಲಿ, ಶುಲ್ಕ ಋತುವಿಗೆ ಕೆಲವು ನೂರು ಡಾಲರ್. ಭಾರತೀಯರೇ ಕಟ್ಟಿಕೊಂಡ ಟಿ20 ಕೂಟಗಳೂ ಇವೆ, ತಪ್ಪಲ್ಲ. ಆದರೆ ಬಡಾವಣೆಯ ಕ್ಲಬ್ಬಿಗೆ ಸೇರುವುದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಹದಿನಾರರ ಹುಡುಗನೂ ಅರವತ್ತರ ಪ್ಲಂಬರೂ ಒಂದೇ ತಂಡದಲ್ಲಿರುತ್ತಾರೆ, ಈ ದೇಶ ಅಲ್ಲಿ ಅರ್ಥವಾದಷ್ಟು ಆಫೀಸಿನಲ್ಲಿ ಆಗುವುದಿಲ್ಲ. ಮೇಲಿನ ಗ್ರೇಡ್‌ಗಳಲ್ಲಿ ಎರಡು ಶನಿವಾರದ ಪಂದ್ಯ: ಈ ವಾರ ಒಂದು ತಂಡದ ಬ್ಯಾಟಿಂಗ್, ಮುಂದಿನ ವಾರ ಇನ್ನೊಂದರದು. ಎರಡನೇ ಶನಿವಾರ ಬರಲಾಗದಿದ್ದರೆ ತಂಡ ಆರಿಸುವ ಮೊದಲೇ ಹೇಳಿಬಿಡಿ. ಅರ್ಧದಲ್ಲಿ ಕೈಕೊಟ್ಟವರನ್ನು ಮತ್ತೆ ಕರೆಯುವುದು ಕಷ್ಟ.

ಕೆಳಗಿನ ಗ್ರೇಡ್‌ಗಳಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ಸಿಂಥೆಟಿಕ್ ಪಿಚ್. ಅದರ ಮೇಲೆ ಸ್ಪೈಕ್ ಬೂಟು ನಿಷಿದ್ಧ, ರಬ್ಬರ್ ಅಡಿಯದು ಬೇಕು. ಚೆಂಡು ಎದೆಮಟ್ಟಕ್ಕೆ ಏಳುವುದರಿಂದ ಮುಂಗಾಲಿನ ಡ್ರೈವ್ ನಂಬಿ ಬಂದವರು ಮೊದಲ ತಿಂಗಳು ಮೇಲಂಚಿಗೆ ತಗುಲಿಸಿ ಔಟಾಗುತ್ತಾರೆ. ಹಿಂಗಾಲಿಗೆ ಹೋಗಿ ಕಟ್, ಪುಲ್ ಆಡುವುದನ್ನು ನೆಟ್ಸ್‌ನಲ್ಲೇ ರೂಢಿಸಿಕೊಳ್ಳಿ. ಮ್ಯಾಟಿಂಗ್ ಮೇಲೆ ಆಡಿದ ಕೈಯಾದರೆ ಬೇಗ ಹೊಂದಿಕೊಳ್ಳುತ್ತದೆ. ಕೆಳ ಗ್ರೇಡ್‌ಗಳಲ್ಲಿ ಅಂಪೈರಿಂಗನ್ನೂ ಫೋನಿನಲ್ಲಿ ಸ್ಕೋರು ಬರೆಯುವುದನ್ನೂ ಬ್ಯಾಟಿಂಗ್ ತಂಡದವರೇ ಸರದಿಯಲ್ಲಿ ಮಾಡುತ್ತಾರೆ. ಕರೆಯುವ ಮೊದಲೇ ಎದ್ದು ಹೋಗಿ. ಪಂದ್ಯ ಮುಗಿದ ಮೇಲೆ ಬೌಂಡರಿ ಗುರುತುಗಳನ್ನು ಎತ್ತಿಡದೆ ಕಾರಿನ ಕಡೆ ನಡೆದರೆ ಎಷ್ಟು ರನ್ ಹೊಡೆದಿದ್ದರೂ ಪ್ರಯೋಜನವಿಲ್ಲ.

ಕ್ಲಬ್ಬಿನ ಮಾತುಕತೆಗೆ ನಿಮ್ಮ ಬಳಿಯೂ ಸರಕಿದೆ. 1977ರ ಡಿಸೆಂಬರ್ ಕೊನೆಗೆ ಶುರುವಾದ ಎಂಸಿಜಿ ಟೆಸ್ಟಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ಪಡೆದರು, ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು. 1981ರಲ್ಲಿ ಅಲ್ಲೇ ಜಿ.ಆರ್. ವಿಶ್ವನಾಥ್ 114 ಹೊಡೆದರು. 143 ಬೆನ್ನಟ್ಟಿದ ಆಸ್ಟ್ರೇಲಿಯಾ, ಕಪಿಲ್ ದೇವ್ ಎದುರು 83ಕ್ಕೆ ಮುಗಿಯಿತು. ಮಯಾಂಕ್ ಅಗರ್ವಾಲ್ 2018ರ ಬಾಕ್ಸಿಂಗ್ ಡೇಯಂದು ಅದೇ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿ 76 ಗಳಿಸಿದರು.

ಮಗನಿಗೆ ಎರಡೂ ಆಟ ಕಲಿಸಿ. ಬೇಸಿಗೆಗೆ ಕ್ರಿಕೆಟ್ ಬ್ಲಾಸ್ಟ್, 5ರಿಂದ 10ರ ಮಕ್ಕಳಿಗೆ, ಮೆದು ಚೆಂಡಿನಲ್ಲಿ. ಚಳಿಗಾಲಕ್ಕೆ ಆಸ್‌ಕಿಕ್ ಎಂಬ ಮಕ್ಕಳ ಫುಟಿ ತರಬೇತಿ, ಈ ವರ್ಷದ್ದು ಮುಗಿಯುತ್ತಾ ಬಂದಿದೆ, ಮುಂದಿನ ಏಪ್ರಿಲ್‌ಗೆ ಹೆಸರು ಕೊಡಿ. ಅಷ್ಟರಲ್ಲಿ ಫುಟಿಯ ಮುಖ್ಯ ಒದೆತವಾದ ಡ್ರಾಪ್ ಪಂಟ್ ಹೇಳಿಕೊಡಿ. ಮೊಟ್ಟೆಯಾಕಾರದ ಚೆಂಡನ್ನು ನೆಟ್ಟಗೆ, ಚೂಪು ತುದಿ ಕೆಳಗಾಗಿ, ಎರಡೂ ಬದಿಗೆ ಕೈಯಿಟ್ಟು ಹಿಡಿಯಬೇಕು. ಒದೆಯುವ ಕಾಲಿನ ಬದಿಯ ಕೈಯಿಂದ ತೊಡೆಯ ಮಟ್ಟದವರೆಗೆ ಇಳಿಸಿ ಬಿಡಬೇಕು, ಕಾಲ್ಬೆರಳು ಚಾಚಿ ಬೂಟಿನ ದಾರದ ಜಾಗಕ್ಕೆ ಚೆಂಡನ್ನು ತಾಗಿಸಬೇಕು. ಸರಿಯಾದರೆ ಚೆಂಡು ಹಿಮ್ಮುಖವಾಗಿ ಉರುಳುತ್ತಾ ನೇರ ಹೋಗುತ್ತದೆ. ಮಕ್ಕಳು ಚೆಂಡನ್ನು ಮೇಲಕ್ಕೆ ಚಿಮ್ಮಿಸಿ ಒದೆಯುತ್ತಾರೆ, ಗಾಳಿಯಲ್ಲಿ ವಾಲಿ ಪಕ್ಕಕ್ಕೆ ಹಾರುವುದು ಅದಕ್ಕೆ. ಕೆಳಗೆ ಬಿಡುವುದನ್ನಷ್ಟೇ ಹತ್ತು ದಿನ ಮಾಡಿಸಿ.

ಈ ತರಬೇತಿಗಳನ್ನು ನಡೆಸುವವರು ಪೋಷಕರೇ. ನೀವೂ ಕೈಜೋಡಿಸುವುದಾದರೆ ವಿಕ್ಟೋರಿಯಾ ಸರ್ಕಾರದ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಬೇಕು, ಸ್ವಯಂಸೇವಕರಿಗೆ ಅದು ಉಚಿತ. ಈಗಲೇ ಅರ್ಜಿ ಹಾಕಿ. ಕ್ರಿಕೆಟ್ ನೆಟ್ಸ್ ಆಗಸ್ಟ್‌ನಲ್ಲಿ ಶುರುವಾಗುತ್ತವೆ. ಹತ್ತಿರದ ಕ್ಲಬ್ಬಿನ ಕಾರ್ಯದರ್ಶಿಗೆ ನಾಲ್ಕೇ ಸಾಲು ಬರೆಯಿರಿ: ಬ್ಯಾಟೋ ಬೌಲೋ, ಊರಲ್ಲಿ ಯಾವ ಡಿವಿಷನ್, ಎಷ್ಟು ಶನಿವಾರ ಸಿಗುತ್ತೀರಿ, ಏಳು ವರ್ಷದ ಮಗನಿದ್ದಾನೆ. ಕೊನೆಯ ಸಾಲು ಬಿಡಬೇಡಿ, ಕಿರಿಯರ ವಿಭಾಗಕ್ಕೆ ಅವರು ಸದಾ ಮಕ್ಕಳನ್ನು ಹುಡುಕುತ್ತಿರುತ್ತಾರೆ.