ಮೊದಲ ನರ್ಸಿಂಗ್ ಕೆಲಸದ ಇಂಟರ್‌ವ್ಯೂನಲ್ಲಿ ಪಗಾರ ಎಷ್ಟು ಕೇಳಬೇಕು?

ನೀವು ಸಿಂಧನೂರಿನವರು. ಬಿಎಸ್ಸಿ ನರ್ಸಿಂಗ್ ಈಗಷ್ಟೇ ಮುಗಿದಿದೆ. ಮುಂದಿನ ವಾರ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಇದೆ. ಪಗಾರ ಎಷ್ಟು ಬೇಕು ಅಂತ ಕೇಳಿದರೆ ಏನು ಹೇಳಲಿ, ಜಾಸ್ತಿ ಕೇಳಿದರೆ ಕೆಲಸವೇ ತಪ್ಪುತ್ತದಾ ಅಂತ ಕೇಳಿದ್ದೀರಿ.

ತಪ್ಪುವುದಿಲ್ಲ. ನಾನು ಕುಷ್ಟಗಿ ಕಡೆಯವಳು, ಈಗ ಬಳ್ಳಾರಿಯಲ್ಲಿ ವಾರ್ಡ್ ಇನ್‌ಚಾರ್ಜ್. ಹೊಸಬರ ಇಂಟರ್‌ವ್ಯೂ ಇದ್ದಾಗ ಮೇಟ್ರನ್ ಪಕ್ಕದಲ್ಲಿ ನಾನೂ ಕೂರುತ್ತೇನೆ. ಪಗಾರ ಕೇಳಿದಳು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸಿದ್ದು ನೋಡಿಲ್ಲ. ಜಾಸ್ತಿ ಅನಿಸಿದರೆ "ಅಷ್ಟು ಆಗಂಗಿಲ್ಲಮ್ಮ, ಇಷ್ಟು ಕೊಡ್ತೀವಿ" ಅನ್ನುತ್ತಾರೆ. ಮಾತು ಅಲ್ಲಿಂದ ಮುಂದೆ ಹೋಗುತ್ತದೆ.

ಒಂದು ಮಾತನ್ನು ಮಾತ್ರ ಹೇಳಬೇಡಿ: "ನೀವು ಎಷ್ಟು ಕೊಟ್ರೂ ನಡೀತದ ಸರ್." ನಾನು ಹೇಳಿದ್ದು ಅದನ್ನೇ. 2014ರಲ್ಲಿ, ನಮ್ಮ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ. 6,500 ರೂಪಾಯಿ ಕೊಟ್ಟರು. ನಾಲ್ಕು ತಿಂಗಳಾದ ಮೇಲೆ ನನ್ನದೇ ಕಾಲೇಜಿನ ಜೂನಿಯರ್ ಹುಡುಗಿ 8,000ಕ್ಕೆ ಸೇರಿದಳು. ಅವಳಿಗೆ ಡ್ರೆಸಿಂಗ್ ಕಲಿಸಿದವಳು ನಾನು. ಡಾಕ್ಟರ್ ಹತ್ತಿರ ಹೋಗಿ ಕೇಳಿದೆ. "ನೀನೇ ಅಂದಿದ್ದಿಯಲ್ಲಮ್ಮ, ಎಷ್ಟಾದ್ರೂ ಸರಿ ಅಂತ" ಅಂದರು. ಅವಳು 9,000 ಅಂತ ಬಾಯಿಬಿಟ್ಟು ಕೇಳಿದ್ದಳು. ಅಷ್ಟೇ ವ್ಯತ್ಯಾಸ. ಆ 1,500 ರೂಪಾಯಿ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಆಸ್ಪತ್ರೆ ಬದಲಾಯಿಸಿದಾಗ ಮೊದಲು ಕೇಳಿದ್ದೇ "ಅಲ್ಲಿ ಎಷ್ಟು ಬರ್ತಿತ್ತು?" ಅಂತ. ಅದರ ಮೇಲೆ ಒಂದು ಸಾವಿರ ಸೇರಿಸಿದರು. ಮೊದಲ ಪಗಾರ ಹೀಗೆ ಎಷ್ಟೋ ವರ್ಷ ಬೆನ್ನು ಹತ್ತಿ ಬರುತ್ತದೆ.

ಹಾಗಾದರೆ ಎಷ್ಟು ಕೇಳಬೇಕು? ಆ ಆಸ್ಪತ್ರೆಯಲ್ಲೋ, ಅದರಷ್ಟೇ ದೊಡ್ಡ ಇನ್ನೊಂದರಲ್ಲೋ ಕೆಲಸ ಮಾಡುವ ನಿಮ್ಮ ಸೀನಿಯರ್‌ಗಳಿಗೆ ಫೋನ್ ಮಾಡಿ. ಎರಡು ಮೂರು ಜನರನ್ನಾದರೂ ಕೇಳಿ. "ಪ್ಯಾಕೇಜ್ ಎಷ್ಟು" ಅಂತ ಅಲ್ಲ, "ತಿಂಗಳಿಗೆ ಅಕೌಂಟಿಗೆ ಎಷ್ಟು ಬೀಳುತ್ತದೆ" ಅಂತ ಕೇಳಿ. ಎರಡೂ ಬೇರೆ ಬೇರೆ. ಲೆಕ್ಕ ನೋಡಿ. ಪಗಾರ 15,000, ಪಿಎಫ್ (ಭವಿಷ್ಯ ನಿಧಿ) ಪೂರ್ತಿ 15,000ದ ಮೇಲೆ ಅಂತ ಇಟ್ಟುಕೊಳ್ಳಿ. ನಿಮ್ಮಿಂದ 12 ಪರ್ಸೆಂಟ್, ಅಂದರೆ 1,800 ಹಿಡಿಯುತ್ತಾರೆ. ಇಎಸ್‌ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ 0.75 ಪರ್ಸೆಂಟ್, 113 ರೂಪಾಯಿ. ಕೈಗೆ ಬರುವುದು 13,087. ಆಸ್ಪತ್ರೆಯವರು ತಮ್ಮ ಪಾಲಿನ ಪಿಎಫ್ 1,800, ಇಎಸ್‌ಐ 488 ಎರಡನ್ನೂ ಸೇರಿಸಿ ಹೇಳಿದರೆ ಅದೇ ಪಗಾರ 17,288 ಆಗುತ್ತದೆ! ಕಿವಿಗೆ ಬಿದ್ದಿದ್ದಕ್ಕೂ ಕೈಗೆ ಬಂದಿದ್ದಕ್ಕೂ 4,000ಕ್ಕಿಂತ ಜಾಸ್ತಿ ಅಂತರ. ಪಿಎಫ್ ಹಿಡಿಯುತ್ತಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮದೇ ರೊಕ್ಕ. ಆದರೆ ಅವರು ಹೇಳುತ್ತಿರುವುದು ಯಾವ ಲೆಕ್ಕ ಅಂತ ಕೇಳಿ ತಿಳಿದುಕೊಳ್ಳಿ.

ಕೇಳುವುದು ದುರಾಸೆ ಅಂತ ನಮ್ಮ ಮನೆಗಳಲ್ಲಿ ಕಲಿಸಿಬಿಟ್ಟಿದ್ದಾರೆ, ಅಲ್ವಾ? ಖಾಸಗಿ ಆಸ್ಪತ್ರೆ ನರ್ಸ್‌ಗಳ ಪಗಾರದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2016ರ ಜನವರಿಯಲ್ಲಿ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮನಾದ ಪಗಾರ ಅಂತಲೂ ಹೇಳಿತು. ಇದು ಬರೀ ಶಿಫಾರಸು. ನಮ್ಮ ಊರುಗಳಲ್ಲಿ ಇದಕ್ಕಿಂತ ಎಷ್ಟೋ ಕಡಿಮೆಗೆ ದುಡಿಯುವ ಸಿಸ್ಟರ್‌ಗಳನ್ನು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಇಂಟರ್‌ವ್ಯೂನಲ್ಲಿ ಇದನ್ನು ಎತ್ತಿ ವಾದಕ್ಕೆ ಇಳಿಯಬೇಡಿ. ಮನಸ್ಸಿನಲ್ಲಿ ಇರಲಿ. ಸೀನಿಯರ್‌ಗಳು ಹೇಳಿದ್ದನ್ನು ನೋಡಿ 18,000 ಅಂತ ಗೊತ್ತು ಮಾಡಿಕೊಂಡಿರಿ ಅನ್ನಿ, ಅದನ್ನು ಕೇಳುವಾಗ ದನಿ ನಡುಗುವುದಿಲ್ಲ.

ಕೇಳುವ ರೀತಿಯೂ ಮುಖ್ಯ. "ಸರ್, ಕೈಗೆ 18,000 ಬಂದರೆ ಅನುಕೂಲ. ಇಂಟರ್ನ್‌ಶಿಪ್‌ನಲ್ಲಿ ಎರಡು ತಿಂಗಳು ಐಸಿಯು ಮಾಡಿದ್ದೀನಿ, ವೆಂಟಿಲೇಟರ್ ಪೇಷಂಟ್ ನೋಡಿಕೊಂಡಿದ್ದೀನಿ." ನೀವು ನಿಜವಾಗಿ ಮಾಡಿದ ಕೆಲಸವನ್ನೇ ಹೇಳಿ. ಹೇಳಿ ಸುಮ್ನಿರಿ. ಇದೇ ಕಷ್ಟದ ಕೆಲಸ. ಎದುರಿನವರು ಪೆನ್ ತಿರುಗಿಸುತ್ತಾ ಕೂರುತ್ತಾರೆ, ಫೈಲ್ ನೋಡುತ್ತಾರೆ. ಆ ಅರ್ಧ ನಿಮಿಷ ತಡೆಯಲಾಗದೆ ನಮ್ಮ ಹುಡುಗಿಯರು "ಇಲ್ಲ ಸರ್, ಸ್ವಲ್ಪ ಕಡಿಮೆ ಆದ್ರೂ ನಡೀತದ" ಅಂದುಬಿಡುತ್ತಾರೆ. ಅವರು ಇನ್ನೂ ಬೇಡ ಅಂದಿರುವುದೇ ಇಲ್ಲ! ಪಕ್ಕದಲ್ಲಿ ಕೂತ ನನಗೆ ಅಯ್ಯೋ ಅನಿಸುತ್ತದೆ. ಮನೆಯಲ್ಲಿ ಅಕ್ಕನನ್ನೋ ಅಮ್ಮನನ್ನೋ ಎದುರಿಗೆ ಕೂರಿಸಿಕೊಂಡು ನಾಲ್ಕು ಸಲ ಹೇಳಿ ನೋಡಿ.

15,000ಕ್ಕಿಂತ ಮೇಲೆ ಆಗುವುದೇ ಇಲ್ಲ ಅಂದರೆ ಬೇರೆ ದಾರಿ ಕೇಳಿ. ಹಾಸ್ಟೆಲ್ ಇದೆಯಾ, ಬಾಡಿಗೆ ಹಿಡಿಯುತ್ತಾರಾ? ನೈಟ್ ಡ್ಯೂಟಿಗೆ ಬೇರೆ ದುಡ್ಡು ಇದೆಯಾ? ಆರು ತಿಂಗಳಾದ ಮೇಲೆ ಪಗಾರ ಏರಿಸುತ್ತಾರಾ? ಏರಿಸುತ್ತೇವೆ ಅಂದರೆ ಅದು ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ ಬರಲಿ. ಬಾಯಿಮಾತು ಆರು ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಕೆಲವು ಕಡೆ ಒಂದು ವರ್ಷ, ಎರಡು ವರ್ಷ ಬಾಂಡ್ ಅಂತ ಹೇಳಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇಟ್ಟುಕೊಳ್ಳುತ್ತಾರೆ. ಕೊಡಬೇಡಿ. ನೀವು ರಾಯಚೂರು ಜಿಲ್ಲೆಯವರು, ಸರ್ಕಾರಿ ನೌಕರಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ನಿಮಗಿದೆ. ನಾಳೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆದರೆ ಒರಿಜಿನಲ್ ಬೇಕೇ ಬೇಕು. ನನ್ನ ಗೆಳತಿಯೊಬ್ಬಳ ಪೇಪರ್‌ಗಳು ಹೀಗೆ ಸಿಕ್ಕಿಹಾಕಿಕೊಂಡಿದ್ದವು. ಅವಳು ಮೂರು ದಿನ ಆಸ್ಪತ್ರೆ ಆಫೀಸಿನ ಮುಂದೆ ಅಳುತ್ತಾ ಕೂತಿದ್ದಳು. ಒರಿಜಿನಲ್ ತೋರಿಸಿ, ಝೆರಾಕ್ಸ್ ಕೊಟ್ಟು, ಫೈಲನ್ನು ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಇಂಟರ್‌ವ್ಯೂ ಮುಗಿದ ಮೇಲೆ ಎಷ್ಟು ಹೇಳಿದರು ಅಂತ ಇಲ್ಲೇ ಬರೆಯಿರಿ. ಸಹಿ ಮಾಡುವ ಮೊದಲು ಬರೆದರೆ ಕೈಗೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.