ಕಾಲು ಚಾಚಲು ಜಾಗ: ಒಂದು ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಸುತ್ತ ನಡೆದ ಆಪ್ತಸಲಹೆ

ಈ ಪ್ರಕರಣವನ್ನು ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಅವನಿಗೆ 43, ಅವಳಿಗೆ 39. ಇಬ್ಬರೂ ದುಡಿಯುವವರು. 14, 9 ಮತ್ತು 3 ವರ್ಷದ ಮೂವರು ಮಕ್ಕಳು, ಜೊತೆಗೆ ಮಂಡಿನೋವಿನಿಂದ ಬಳಲುವ ಅವನ ತಾಯಿ. ಮನೆಯಲ್ಲಿರುವುದು ಐದು ಸೀಟಿನ ಹಳೆಯ ಕಾರು. ಆರು ಜನ ಒಟ್ಟಿಗೆ ಹೊರಡಬೇಕೆಂದರೆ ಚಿಕ್ಕದನ್ನು ಯಾರಾದರೂ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅದು ಅಪಾಯ ಎಂದು ಇಬ್ಬರಿಗೂ ಗೊತ್ತು, ಹಾಗಾಗಿ ಎರಡು ವರ್ಷದಿಂದ ಆರು ಜನ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ.

ನನ್ನ ಬಳಿ ಬಂದಾಗ ಅವರು ಹೇಳಿದ ತೊಂದರೆ ಬೇರೆಯೇ: "ಮೇಡಂ, ಮನೆಯಲ್ಲಿ ಮಾತು ನಿಂತುಹೋಗಿದೆ." ಕಾರಿನ ವಿಷಯ ಬಾಯಿಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಏಳು ವರ್ಷ ಹಳೆಯ, ಏಳು ಸೀಟಿನ, ಹೆಸರಾಂತ ಕಂಪನಿಯ ದೊಡ್ಡ ಎಸ್‌ಯುವಿ. ಓಡೋಮೀಟರಿನಲ್ಲಿ 92,000 ಕಿಲೋಮೀಟರ್. ಬೆಲೆ ಹೊಸದರ ಮೂರನೇ ಒಂದು ಭಾಗ. ಹೆಂಡತಿಗೆ ಹೇಳದೆ ಅವನು ಮುಂಗಡ ಕೊಟ್ಟು ಬಂದಿದ್ದ. ಹತ್ತು ದಿನದೊಳಗೆ ಬೇಡವೆಂದರೆ ಮುಂಗಡ ವಾಪಸು. ಅದರಲ್ಲಿ ನಾಲ್ಕು ದಿನ ಆಗಲೇ ಕಳೆದಿತ್ತು.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಕೊಂಡರೆ ಏನು ಲಾಭ, ಏನು ನಷ್ಟ ಎಂದು ಇಬ್ಬರಿಂದಲೂ ಕಾಗದದ ಮೇಲೆ ಬರೆಸಿದೆ. ಅವನು ಹನ್ನೊಂದು ಲಾಭ ಬರೆದ, ಅವಳು ಒಂಬತ್ತು ನಷ್ಟ ಬರೆದಳು. ಬರೆದು ಮುಗಿಸುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಪಕ್ಷದ ವಕೀಲರಾಗಿಬಿಟ್ಟಿದ್ದರು. ತೀರ್ಮಾನ ಮೊದಲೇ ಆಗಿಹೋಗಿರುವ ಮನಸ್ಸಿಗೆ ಪಟ್ಟಿ ಮಾಡಲು ಹೇಳಿದರೆ ಅದು ತನ್ನ ಕಡೆಯ ಸಾಕ್ಷಿಗಳನ್ನೇ ಕರೆದು ಕೂರಿಸುತ್ತದೆ. ಹಾಗಾಗಿ ಎರಡನೇ ಭೇಟಿಗೆ ಒಬ್ಬೊಬ್ಬರನ್ನೇ ಬರಹೇಳಿದೆ. ಅಲ್ಲಿಯವರೆಗೆ ಒಂದೇ ಕಟ್ಟಳೆ: ಕಾರಿನ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುವಂತಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ.

ಅವಳು ಮೊದಲು ಬಂದಳು. ಹತ್ತು ವರ್ಷದವಳಿದ್ದಾಗ ಅವಳ ಅಪ್ಪ ಸಾಲ ಮಾಡಿ ದೊಡ್ಡ ಗಾಡಿಯೊಂದನ್ನು ತಂದಿದ್ದರಂತೆ. ಕಂತು ತಪ್ಪಿತು. ಒಂದು ಬೆಳಿಗ್ಗೆ ಇಬ್ಬರು ಬಂದು ಬಾಗಿಲ ಮುಂದಿನಿಂದಲೇ ಗಾಡಿ ತೆಗೆದುಕೊಂಡು ಹೋದರು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ಅಪ್ಪ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ. "ಇವರು ಮುಂಗಡದ ರಸೀದಿ ತೋರಿಸಿದಾಗ ನನಗೆ ಆ ಬಾಗಿಲು ಕಾಣಿಸಿತು" ಎಂದಳು.

ಅವನು ಬಂದವನು ಅರ್ಧ ಗಂಟೆ ಎಂಜಿನ್ನು, ಸನ್‌ರೂಫು, ಸೀಟಿನ ಚರ್ಮ ಎಂದು ವಿವರಿಸಿದ. ಕೇಳಿದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: "ಈ ಕಾರಿನಲ್ಲಿ ಮೊದಲ ದಿನ ಯಾರನ್ನು, ಎಲ್ಲಿ ಕೂರಿಸಿಕೊಂಡು ಹೋಗುತ್ತೀರಿ?" ಅವನು ಬಹಳ ಹೊತ್ತು ಸುಮ್ಮನಿದ್ದ. ತೀರಿಕೊಳ್ಳುವ ಮುಂಚಿನ ಎಂಟು ತಿಂಗಳು ಅವನ ತಂದೆಯನ್ನು ಹದಿನೈದು ದಿನಕ್ಕೊಮ್ಮೆ ಚಿಕಿತ್ಸೆಗೆ ಕರೆದೊಯ್ಯಬೇಕಿತ್ತು. ಅದೇ ಹಳೆಯ ಕಾರು, ಹಿಂದಿನ ಸೀಟು, ಮುದುಡಿದ ಕಾಲು. ಅಪ್ಪ ಒಮ್ಮೆಯೂ ದೂರಲಿಲ್ಲವಂತೆ. ಹೀಗೆ ದೂರದೆ ಹೋದವರ ನೋವು ಉಳಿದವರ ಎದೆಯಲ್ಲಿ ಎಷ್ಟು ಕಾಲ ಕುಳಿತಿರುತ್ತದೆ ಎಂಬುದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ನಾನು ದಾಟಿಸುವುದಿಲ್ಲ. ಹೇಳುವುದಾದರೆ ಅವರೇ ಹೇಳಬೇಕು. ಮೂರನೇ ಭೇಟಿಯಲ್ಲಿ ಅದು ಯಾರೂ ಯೋಜಿಸದ ರೀತಿಯಲ್ಲಿ ಆಯಿತು. ಅವಳು ಮಾತಿನ ನಡುವೆ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವಾ ಮೇಡಂ?" ಎಂದಳು. ಅವನ ಮುಖ ಬಿಳಿಚಿತು. "ಅಪ್ಪನಿಗೆ ಕಾಲು ಚಾಚೋಕೆ ಜಾಗವೇ ಇರಲಿಲ್ಲ ಕಣೇ" ಎಂದವನು ಅತ್ತುಬಿಟ್ಟ. ಅವಳಿಗೆ ಅಲ್ಲಿಯವರೆಗೆ ಇದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೂ ತನ್ನ ಮನೆಯ ಆ ಬಾಗಿಲಿನ ಕಥೆ ಹೇಳಿದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

ಮನಸ್ಸು ಹಗುರಾದ ಕ್ಷಣದಲ್ಲಿ ಅವಳು, "ಹಾಗಿದ್ದರೆ ತಗೊಳ್ಳೋಣ ಬಿಡಿ" ಎಂದಳು. ನಾನು ಅಲ್ಲೇ ತಡೆದೆ. ಕಣ್ಣೀರು ಕಾರಣವನ್ನು ತಿಳಿಸಿತು, ಕಾರು ಹೇಗಿದೆ ಎಂದು ತಿಳಿಸಲಿಲ್ಲ. ಅಪ್ಪನ ನೆನಪಿಗೆ ಸಲ್ಲಬೇಕಾದ್ದು ಬೇರೆ, ಮಾರುವವನಿಗೆ ಸಲ್ಲುವ ಹಣ ಬೇರೆ. ಮುಂದಿನ ಸಲಹೆಯೆಲ್ಲ ಇವೆರಡನ್ನು ಬೇರೆಬೇರೆ ಇಡುವುದಕ್ಕಾಗಿ ಕೊಟ್ಟದ್ದು.

ಮೊದಲು ಮುಂಗಡ. "ಆ ಹಣ ಇನ್ನೂ ನಿಮ್ಮ ಜೇಬಿನಲ್ಲೇ ಇದ್ದಿದ್ದರೆ, ಇವತ್ತು ಹೋಗಿ ಕೊಡುತ್ತಿದ್ದಿರಾ?" ಅವನು ಪ್ರಾಮಾಣಿಕವಾಗಿ, "ಯೋಚನೆ ಮಾಡ್ತಿದ್ದೆ" ಎಂದ. ಹಾಗಾದರೆ ಯೋಚನೆಗೆ ಇನ್ನೂ ಜಾಗವಿದೆ ಎಂದಾಯಿತು. ಗಡುವು ಮೂರು ವಾರ ಮುಂದಕ್ಕೆ ಹೋಗುತ್ತದೆಯೇ ಎಂದು ಮಾರುವವರನ್ನು ಕೇಳಿ, ಆಗದಿದ್ದರೆ ಮುಂಗಡ ವಾಪಸು ಪಡೆಯಿರಿ ಎಂದೆ. ಅವಸರ ಮಾಡಿಸುವ ಗಡುವನ್ನು ನಾನು ಯಾವ ದೊಡ್ಡ ಖರೀದಿಯಲ್ಲೂ ನಂಬುವುದಿಲ್ಲ. ಮಾರುವವರು ಗಡುವು ಮುಂದೂಡಲು ಒಪ್ಪಿದರು.

ಎರಡನೆಯದು ಲೆಕ್ಕ. ನನಗೆ ಕಾರುಗಳ ಬಗ್ಗೆ ಹೆಚ್ಚು ತಿಳಿಯದು, ಹಾಗಾಗಿ ಇಂಥ ಪ್ರಕರಣ ಬಂದಾಗ ವರ್ಕ್‌ಶಾಪಿನಲ್ಲಿ ಬಹಳ ಕಾಲ ದುಡಿದ ಪರಿಚಿತ ಮೆಕ್ಯಾನಿಕ್ ಒಬ್ಬರಲ್ಲಿ, ಯಾರ ಕಾರೆಂದು ಹೇಳದೆ, ಕೇಳುತ್ತೇನೆ. ಅವರ ಮಾತನ್ನೇ ದಂಪತಿಯ ಮುಂದಿಟ್ಟೆ: ಐಷಾರಾಮಿ ಕಾರಿನ ಬೆಲೆ ವರ್ಷ ಕಳೆದಂತೆ ಕುಸಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಹಾಗೆ ಕುಸಿಯುವುದಿಲ್ಲ. ಕೊಳ್ಳುವುದು ಮೂರನೇ ಒಂದು ಬೆಲೆಗೆ, ಸಾಕಬೇಕಾದ್ದು ಪೂರ್ತಿ ಬೆಲೆಯ ಕಾರನ್ನು. ಅವಳು ಇದನ್ನು ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಕಂತಿನ ಜೊತೆಗೆ ವಿಮೆ, ಇಂಧನ, ಟೈರು, ಸರ್ವಿಸ್ ಎಲ್ಲ ಸೇರಿಸಿ ತಿಂಗಳ ಲೆಕ್ಕ ಹಾಕಿ ಎಂದೆ. ಅದರ ಮೇಲೆ, ಕೊಳ್ಳುವ ಬೆಲೆಯ ಐದನೇ ಒಂದು ಭಾಗವಾದರೂ ರಿಪೇರಿಗೆಂದೇ ಬೇರೆ ಖಾತೆಯಲ್ಲಿ ಮೊದಲ ದಿನವೇ ಇರಬೇಕು. ಈ ಪ್ರಮಾಣ ನನ್ನ ಅಂದಾಜು, ಶಾಸ್ತ್ರವೇನಲ್ಲ. ಆದರೆ ಆ ಹಣ ಇಡಲು ಆಗದವರಿಗೆ ಆ ಕಾರು ಆಗಿಬರುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮೂರನೆಯದು ತಪಾಸಣೆ. ಅವನಿಗೆ ಸಂಕೋಚ: "ಮಾರುವವರು ಒಳ್ಳೆಯವರು, ಅನುಮಾನ ಪಟ್ಟ ಹಾಗಾಗುತ್ತೆ." ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ತೋರಿಸಿದ್ದು ಇದನ್ನೇ: ಮಾರುವವನಿಗೆ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರ ಇರುವಲ್ಲಿ ಒಳ್ಳೆಯ ಕಾರಿಗೂ ನ್ಯಾಯವಾದ ಬೆಲೆ ಸಿಗುವುದಿಲ್ಲ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ತಪಾಸಣೆ ಮಾಡಿಸಿದರೆ ಆ ಅಂತರ ಕಡಿಮೆಯಾಗುತ್ತದೆ, ಒಳ್ಳೆಯ ಮಾರಾಟಗಾರನಿಗೂ ಅದರಿಂದ ಉಪಕಾರವೇ.

ಮಾರುವವರು ಸೂಚಿಸಿದ ವರ್ಕ್‌ಶಾಪ್ ಬೇಡ, ನೀವೇ ಆರಿಸಿದವರಿಂದ ಮಾಡಿಸಿ ಎಂದೆ. ಕಾರು ಹಿಂದಿನ ರಾತ್ರಿಯಿಂದ ಕದಲದೆ ನಿಂತಿರಬೇಕು, ಎಂಜಿನ್ ತಣ್ಣಗಿರಬೇಕು. ಬೆಚ್ಚಗಿನ ಎಂಜಿನ್ ಎಷ್ಟೋ ಸದ್ದುಗಳನ್ನು ಮುಚ್ಚಿಡುತ್ತದೆ. ಈ ಮಾದರಿಗೆ ಇರುವುದು ಏರ್ ಸಸ್ಪೆನ್ಷನ್, ಅಂದರೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಚೀಲ ಸೋರಿದರೆ ರಾತ್ರಿ ಬೆಳಗಾಗುವುದರೊಳಗೆ ಕಾರಿನ ಆ ಮೂಲೆ ಕುಸಿದಿರುತ್ತದೆ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಸುಟ್ಟುಹೋಗಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗೇರ್‌ಬಾಕ್ಸಿನ ಎಣ್ಣೆ ಆಯುಷ್ಯಪೂರ್ತಿ ಬದಲಿಸಬೇಕಿಲ್ಲ ಎಂದು ಕೆಲವು ಕಾರು ಕಂಪನಿಗಳು ಹೇಳುವುದುಂಟು. ಆದರೆ ಹಲವು ಐಷಾರಾಮಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನ ನಡುವೆ, ಇಲ್ಲವೇ 8 ವರ್ಷಕ್ಕೆ, ಎಣ್ಣೆ ಬದಲಿಸಲು ಹೇಳುತ್ತದೆ. 92,000 ಓಡಿದ ಕಾರಿಗೆ ಆ ಕೆಲಸ ಆಗಿದೆಯೇ ಎಂಬುದು ಸರ್ವಿಸ್ ದಾಖಲೆಯಲ್ಲಿ ಕಾಣಬೇಕು.

ಇನ್ನೊಂದು ವಿಷಯ ನನಗೂ ಹೊಸತಾಗಿತ್ತು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಸ್ಕ್ಯಾನರ್ ಹಾಕಿ ಅಳಿಸಿಬಿಡಬಹುದು, ಎಚ್ಚರಿಕೆಯ ದೀಪ ಆರುತ್ತದೆ. ಆದರೆ ಅಳಿಸಿದಾಗ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಹೋಗುತ್ತದೆ, ಮತ್ತೆ ಪೂರ್ತಿಯಾಗಲು ಹಲವು ಬಾರಿ ಓಡಬೇಕು. ಹಾಗಾಗಿ ಸ್ಕ್ಯಾನರಿನಲ್ಲಿ "ಪರೀಕ್ಷೆ ಪೂರ್ಣವಾಗಿಲ್ಲ" ಎಂದು ಸಾಲುಸಾಲಾಗಿ ಬಂದರೆ, ಯಾಕೆ ಎಂದು ಕೇಳಲೇಬೇಕು. ಬ್ಯಾಟರಿ ಕಳಚಿದ್ದರೂ ಹೀಗಾಗುತ್ತದೆ. ಹೊಸ ಬ್ಯಾಟರಿ ಹಾಕಿಸಿದ್ದೇ ಕಾರಣವಾದರೆ ಅದರ ಬಿಲ್ ಇರಬೇಕು.

ಇಷ್ಟೆಲ್ಲಕ್ಕಿಂತ ಮುಖ್ಯವಾಗಿ ನಾನು ಒತ್ತಿ ಹೇಳಿದ್ದು ಒಂದನ್ನು: ವರದಿ ಕೈಗೆ ಬರುವ ಮುಂಚೆಯೇ ಎಲ್ಲಿ ಹಿಂದೆ ಸರಿಯುತ್ತೀರಿ ಎಂದು ಇಬ್ಬರೂ ಸೇರಿ ಬರೆದಿಡಿ. ವರದಿ ನೋಡಿದ ಮೇಲೆ ಗೆರೆ ಎಳೆದರೆ ಆಸೆ ಇರುವವರು ಅದನ್ನು ಆಚೆ ಸರಿಸುತ್ತಾರೆ, ಭಯ ಇರುವವರು ಈಚೆ ಎಳೆಯುತ್ತಾರೆ. ಅವರು ಬರೆದರು: ರಿಪೇರಿಯ ಅಂದಾಜು ಮೀಸಲು ಹಣದ ಅರ್ಧ ದಾಟಿದರೆ ಬೇಡ. ಸರ್ವಿಸ್ ದಾಖಲೆಯಲ್ಲಿ ಎರಡು ವರ್ಷದ ಅಂತರವಿದ್ದರೆ ಬೇಡ. ಮೂರನೆಯ ಸಾಲನ್ನು ಅವಳು ಸೇರಿಸಿದಳು: "ಅತ್ತೆಗೆ ಹತ್ತೋಕೆ ಆಗದಿದ್ದರೆ ಬೇಡ." ಅವನು ಅವಳನ್ನೇ ನೋಡುತ್ತಿದ್ದ.

ಆ ಸಾಲು ಬೇರೆ ಯಾವ ತಪಾಸಣೆಗಿಂತ ಹೆಚ್ಚು ಕೆಲಸ ಮಾಡಿತು. ಕೊಳ್ಳುವ ಕಾರನ್ನೇ ಎರಡು ದಿನ ಇಟ್ಟುಕೊಳ್ಳಲು ಆಗದು, ಆದ್ದರಿಂದ ಅದೇ ಗಾತ್ರದ ಕಾರೊಂದನ್ನು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ, ಆರು ಜನವೂ ಕೂತು ಹೋಗಿಬನ್ನಿ ಎಂದಿದ್ದೆ. ತಾಯಿ ಎತ್ತರದ ಮೆಟ್ಟಿಲಿಗೆ ಒಂದು ಕಾಲಿಟ್ಟು ಹಿಡಿಕೆ ಹಿಡಿದು ನಿಂತರು, ಮಂಡಿ ಮಡಚಲಿಲ್ಲ. ಇಬ್ಬರು ಹಿಡಿದು ಎತ್ತಿ ಕೂರಿಸಬೇಕಾಯಿತು. ಮೂರನೇ ಸಾಲಿಗೆ ಹೋದ 14ರ ಮಗಳಿಗೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮೂರನೇ ಸಾಲಿನ ಸೀಟು ಏರಿಸಿದ ಮೇಲೆ ಆರು ಜನರ ಚೀಲಗಳಿಗೆ ಹಿಂದೆ ಜಾಗವೇ ಉಳಿಯಲಿಲ್ಲ. ಚಿಕ್ಕವನ ಸೀಟನ್ನು ಭದ್ರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಎರಡನೇ ಸಾಲಿನ ಅಂಚಿನ ಎರಡು ಸೀಟಿಗೆ ಮಾತ್ರ ಇದ್ದವು. ಒಂದರಲ್ಲಿ ಮಗು, ಇನ್ನೊಂದರಲ್ಲಿ ಅಜ್ಜಿ ಎಂದಾದರೆ ಮೂರನೇ ಸಾಲಿಗೆ ಹೋಗಲು ದಾರಿಯೇ ಮುಚ್ಚುತ್ತಿತ್ತು.

"ಅಪ್ಪ ಇದ್ದಿದ್ದರೆ ಅವರಿಗೂ ಹತ್ತೋಕೆ ಆಗ್ತಿರಲಿಲ್ಲ" ಎಂದು ಅವನು ಮುಂದಿನ ಭೇಟಿಯಲ್ಲಿ ಹೇಳಿದ. ದನಿಯಲ್ಲಿ ದುಃಖವಿತ್ತು, ಮೊದಲಿದ್ದ ಹಟ ಇರಲಿಲ್ಲ.

ತಪಾಸಣೆಯನ್ನೂ ಮಾಡಿಸಿದ್ದರು. ಹಿಂದಿನ ಎಡ ಮೂಲೆ ಬೆಳಗಾಗುವಷ್ಟರಲ್ಲಿ ಕುಸಿದಿತ್ತು, ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ದಾಖಲೆ ಇರಲಿಲ್ಲ. ರಿಪೇರಿಯ ಅಂದಾಜು ಅವರು ಎಳೆದ ಗೆರೆಯಿಂದ ಸ್ವಲ್ಪವೇ ಈಚೆಗಿತ್ತು. ಹಣದ ಲೆಕ್ಕದಲ್ಲಿ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಮುಂಗಡ ವಾಪಸು ಬಂತು. ತಪಾಸಣೆಗೆ ಮತ್ತು ಬಾಡಿಗೆಗೆ ಕೊಟ್ಟ ಹಣ ದಂಡವಾಯಿತೇ ಎಂದು ಅವಳು ಕೇಳಿದಳು. ಆ ಹಣಕ್ಕೆ ನಿಮಗೆ ಸಿಕ್ಕಿದ್ದೇನು ಎಂದು ನಾನು ಕೇಳಿದೆ. ಅವಳು ಪುಸ್ತಕ ತೆರೆದು ಮೂರನೆಯ ಸಾಲನ್ನು ಬೆರಳಿಟ್ಟು ತೋರಿಸಿದಳು.

ಹೇಳದೆ ಮುಂಗಡ ಕೊಟ್ಟದ್ದು ಹೀಗೆ ಮರೆತುಹೋಗುವ ವಿಷಯವಲ್ಲ. ಅದಕ್ಕೇ ಇನ್ನೂ ಎರಡು ಭೇಟಿ ಬೇಕಾದವು. ಇಂತಿಷ್ಟು ಮೊತ್ತ ದಾಟಿದರೆ ಇಬ್ಬರ ಒಪ್ಪಿಗೆ ಬೇಕು ಎಂಬ ಮಾತಿಗೆ ಅವನು ಬಂದ. ಪ್ರತಿ ಸಾಲವೂ ತನ್ನ ಅಪ್ಪನ ಬಾಗಿಲಿಗೇ ಕೊನೆಯಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವುದನ್ನು ಅವಳು ಅಭ್ಯಾಸ ಮಾಡುತ್ತಿದ್ದಾಳೆ. ರಿಪೇರಿಗೆಂದು ತೆರೆದ ಖಾತೆಯನ್ನು ಮುಚ್ಚಿಲ್ಲ. ಅದು ಇಬ್ಬರ ಹೆಸರಿನಲ್ಲಿದೆ, ತಿಂಗಳು ತಿಂಗಳು ಅದಕ್ಕೆ ಹಣ ಬೀಳುತ್ತಿದೆ.

ಕೊನೆಯ ಭೇಟಿಯ ದಿನ ಅವನು ಇನ್ನೊಂದು ಕಾರಿನ ವಿವರ ತಂದಿದ್ದ. ನೆಲಕ್ಕೆ ತಗ್ಗಾಗಿ ಕೂತ, ಪಕ್ಕಕ್ಕೆ ಜಾರುವ ಬಾಗಿಲಿನ ವ್ಯಾನು. ಉಕ್ಕಿನ ಸ್ಪ್ರಿಂಗು, ಐದು ವರ್ಷ ಹಳೆಯದು. ನನಗೆ ತೋರಿಸುವ ಮುಂಚೆ ಅವಳ ಕೈಗೆ ಕೊಟ್ಟ. ಅವಳು ಓದಿ, "ಶನಿವಾರ ನೋಡೋಕೆ ಹೋಗೋಣ, ಅತ್ತೆಯನ್ನೂ ಕರ್ಕೊಂಡು. ನಾನು ಮೂರನೇ ಸಾಲಲ್ಲಿ ಕೂತು ನೋಡ್ತೀನಿ" ಎಂದಳು.