ಮಗನಿಗೆ ಸ್ತ್ರೀವೇಷವೇ ಇಷ್ಟ, ಕೌನ್ಸೆಲಿಂಗ್ ಮಾಡಿಸಿದರೆ ‘ಸರಿ’ ಆಗ್ತಾನಾ?

ಶಿರಸಿ ಕಡೆಯ ತಾಯಿಯ ಪ್ರಶ್ನೆ: 16ರ ಮಗ ಯಕ್ಷಗಾನದಲ್ಲಿ ಹೆಣ್ಣಿನ ಪಾತ್ರವನ್ನೇ ಕೇಳುತ್ತಾನೆ, ಗೆಳೆಯರು ಚುಡಾಯಿಸುತ್ತಾರೆ.

ಇಲ್ಲ. ಸರಿ ಮಾಡುವಂಥದ್ದು ಏನೂ ಇಲ್ಲ, ಕೌನ್ಸೆಲಿಂಗ್ ಇರುವುದೂ ಅದಕ್ಕಲ್ಲ.

ನಾವು ಎರಡು ಸಂಗತಿಗಳನ್ನು ಒಂದೇ ಗಂಟು ಕಟ್ಟುತ್ತೇವೆ. ಗಂಡು ಹೀಗಿರಬೇಕು ಅಂತ ಊರು ಹೇಳುವುದು ಒಂದು. ತಾನು ಯಾರು ಅಂತ ಒಳಗಿನಿಂದ ಅನಿಸುವುದು ಇನ್ನೊಂದು. ನಿಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನಲ್ಲಿ ಮೋಹಿನಿ, ದಾಕ್ಷಾಯಿಣಿ ಆಗುತ್ತಾ ಬಂದವರು ಗಂಡಸರೇ. ರಾತ್ರಿಯಿಡೀ ಸೀರೆಯಲ್ಲಿ ಕುಣಿದು, ಬೆಳಗ್ಗೆ ಎಣ್ಣೆ ಹಚ್ಚಿ ಬಣ್ಣ ಒರೆಸಿ, ಅಡಿಕೆ ತೋಟಕ್ಕೆ ಇಳಿಯುವವರಿದ್ದಾರೆ ಅಲ್ವಾ? ವೇಷ ನೋಡಿ ಗುರುತು ಹೇಳಲಾಗದು. ಹಾಗಂತ ಕೆಲವರಿಗೆ ವೇಷದಲ್ಲೇ ತಮ್ಮತನ ಸಿಕ್ಕಿರಲೂಬಹುದು. ಅದನ್ನು ಹೇಳಬೇಕಾದವನು ಅವನೇ.

ಒಳ್ಳೆಯ ಆಪ್ತಸಮಾಲೋಚಕರು ತೀರ್ಪು ಕೊಡುವುದಿಲ್ಲ. ‘ಯಾವಾಗ ಹಾಯೆನಿಸುತ್ತೆ, ಯಾವಾಗ ಹೆದರಿಕೆ?’ ಅಂತ ಕೇಳಿ, ಸುಮ್ನೆ ಕಾಯುತ್ತಾರೆ. ಚುಡಾಯಿಸಿದ ನೋವನ್ನು ಎದುರಿಸಲು ಜೊತೆಯಾಗುತ್ತಾರೆ. ‘ಬದಲಾಯಿಸಿ ಕೊಡ್ತೇನೆ’ ಅನ್ನುವವರ ಹತ್ತಿರ ಹೋಗಲೇಬೇಡಿ. ವೈದ್ಯರು ಹಾಗೆ ಮಾಡುವುದು ವೃತ್ತಿಗೆ ತಕ್ಕದ್ದಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮೊದಲು ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.